ಬಂದು ಹೋದವರ ಲೆಕ್ಕ: ಮಂಡ್ಯ ಸೀಮೆಯ ಪರಿಸರ ಪ್ರವಾಸ

ಕೊಕ್ಕರೆ ಬೆಳ್ಳೂರಿನಲ್ಲಿ ಹಿತ್ತಿಲಲ್ಲಿ ದೊಡ್ಡ ಹುಣಸೆಮರ ಇರುವ ಮನೆಗೆ ವರ್ಷವೂ ತಪ್ಪದೆ ಒಂದು ನಷ್ಟ ಬರುತ್ತದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರದ ನೆತ್ತಿ ತುಂಬ ಗೂಡು ಕಟ್ಟುವ ಕಾಲವೂ ಹುಣಸೆ ಹಣ್ಣಾಗುವ ಕಾಲವೂ ಒಂದೇ. ಮೊಟ್ಟೆ, ಮರಿ ಇರುವ ಕೊಂಬೆಗೆ ಗಳು ಹಾಕಿ ಬಡಿಯಲು ಊರವರಿಗೆ ಮನಸ್ಸು ಬರುವುದಿಲ್ಲ. ಹಿಕ್ಕೆ ಹತ್ತಿದ ಹಣ್ಣಿಗೆ ವ್ಯಾಪಾರಿಯೂ ಬೆಲೆ ಕಟ್ಟುವುದಿಲ್ಲ. ಹಳಸಿದ ಮೀನಿನ ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ಆದರೂ ಇಲ್ಲಿನ ಹಿರಿಯರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಹೇಳುತ್ತಾರೆ. ಮಗಳ ಬಾಣಂತನದ ಖರ್ಚನ್ನು ಯಾವ ತವರಿನವರೂ ಬರೆದಿಡುವುದಿಲ್ಲ. ಆದರೆ ಆ ಬಾಣಂತಿಯನ್ನು ನೋಡಲು ಬೆಂಗಳೂರು, ಮೈಸೂರುಗಳಿಂದ ಕಾರಿನಲ್ಲಿ ಬಂದು ಒಂದು ಗಂಟೆ ನಿಂತು ಹೋಗುವವರ ಲೆಕ್ಕವನ್ನು ಯಾರಾದರೂ ಇಡಬೇಕಲ್ಲ? ಅವರು ಏನು ತಂದರು, ಏನು ಬಿಟ್ಟುಹೋದರು, ಮರದ ಯಜಮಾನನ ಕೈಗೆ ಏನು ಬಂತು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪರಿಸರ ಪ್ರವಾಸ ಹೊಸದಲ್ಲ. ಹೆಸರು ಬೇರೆ ಇದ್ದಿರಬಹುದು, ನಾಲ್ಕೈದು ದಶಕಗಳಿಂದ ಅದು ನಡೆದೇ ಇದೆ. ಹೊಳೆ, ಮೀನು, ಹಕ್ಕಿ, ಜಲಪಾತ ಎಲ್ಲದರ ಮೇಲೂ ಅದರ ಪ್ರಯೋಗ ಆಗಿದೆ. ಆದರೆ ಫಲಿತಾಂಶ ಬರೆದಿಟ್ಟ ಜಾಗಗಳು ಬೆರಳೆಣಿಕೆಯವು. ಬರೆದಿಟ್ಟಲ್ಲಿ ಸಿಕ್ಕ ತಿಳಿವಳಿಕೆ ಎಂಥದೆಂದು ನೋಡಿದರೆ, ಬರೆದಿಡದ ಕಡೆ ನಾವು ಎಷ್ಟು ಕಳೆದುಕೊಂಡಿದ್ದೇವೆ ಎಂಬುದೂ ಗೊತ್ತಾಗುತ್ತದೆ.

ಮೆಡಿಟರೇನಿಯನ್ ಸಮುದ್ರದ ದ್ವೀಪಗಳವರು ಈ ಲೆಕ್ಕ ಇಡುವ ಕೆಲಸವನ್ನು ಕ್ರಮವಾಗಿ ಮಾಡಲು ತೊಡಗಿದ್ದಾರೆ. ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಜನ ಮುಗಿಬಿದ್ದು ಕುಡಿಯುವ ನೀರಿಗೂ ತತ್ವಾರವಾಗುವ ಪುಟ್ಟ ದ್ವೀಪಗಳು ಅವು. ಫ್ರಾನ್ಸಿನ ಪೋರ್ಟ್-ಕ್ರೋ 1963ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ಅದರ ಪಕ್ಕದ ಪೋರ್ಕೆರೋಲ್ ದ್ವೀಪದಲ್ಲಿ ಈಚೆಗೆ ಬೇಸಿಗೆಯಲ್ಲಿ ದಿನಕ್ಕೆ 6,000 ಜನರಿಗಿಂತ ಹೆಚ್ಚು ಬರದಂತೆ ಮಿತಿ ಹಾಕಿದರು. ಡೆಸ್ಟಿಮೆಡ್ ಎಂಬ ಯೋಜನೆಯಲ್ಲಿ ಹಲವು ದೇಶಗಳ ಸಂರಕ್ಷಿತ ಪ್ರದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಉದ್ಯಾನದ ಅಧಿಕಾರಿಗಳು, ಊಟ-ವಸತಿ ಕೊಡುವವರು, ದಾರಿ ತೋರಿಸುವವರು ಒಟ್ಟಿಗೆ ಕೂತು ಕೆಲವು ದಿನಗಳ ಪ್ರವಾಸವೊಂದನ್ನು ಹೆಣೆಯುವುದು. ಸಣ್ಣ ಗುಂಪೊಂದನ್ನು ಕರೆಸಿ ಅದನ್ನು ಪರೀಕ್ಷೆ ಮಾಡುವುದು. ವಸತಿ, ಊಟ, ಓಡಾಟ, ಚಟುವಟಿಕೆ ಒಂದೊಂದಕ್ಕೂ ಎಷ್ಟು ನೆಲ, ಎಷ್ಟು ಜಲ ಬೇಕಾಯಿತೆಂದು ಅಳೆಯುವುದು. ಭಾರ ಎಲ್ಲಿ ಹೆಚ್ಚಾಯಿತೋ ಅಲ್ಲಿ ತಿದ್ದಿ, ಆಮೇಲೆ ಮಾರುವುದು. ಅಳೆದಾಗ ಊಟದ ಪಾಲು ತುಂಬ ದೊಡ್ಡದೆಂದು ಕಂಡುಬಂತು. ದೂರದಿಂದ ತರಿಸಿದ ಮಾಂಸ, ಮೀನು ತಟ್ಟೆಗೆ ಬಂದರೆ, ಕಾಡಿನ ನಡುವೆ ಎಷ್ಟೇ ಮೆತ್ತಗೆ ನಡೆದರೂ ಪ್ರಯೋಜನವಿಲ್ಲ.

ನಮಗೆ ಸಮುದ್ರವಿಲ್ಲ. ನಡುಗಡ್ಡೆಗಳಿವೆ. ಕಾವೇರಿ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕವಲಾಗುತ್ತಾಳೆ. ಶ್ರೀರಂಗಪಟ್ಟಣವನ್ನು, ರಂಗನತಿಟ್ಟಿನ ತಿಟ್ಟುಗಳನ್ನು, ಮಳವಳ್ಳಿಯ ತೆಂಕಣಕ್ಕೆ ಶಿವನಸಮುದ್ರವನ್ನು ಬಳಸಿ ಹರಿಯುತ್ತಾಳೆ. ಮಳವಳ್ಳಿಯ ಕಡೆ ಹೊರಡುವ ಮುನ್ನ ರಂಗನತಿಟ್ಟನ್ನು ನೋಡಲೇಬೇಕು, ಏಕೆಂದರೆ ಜಿಲ್ಲೆಯಲ್ಲಿ ಸರಿಯಾಗಿ ನಿಂತ ಮಾದರಿ ಅದೊಂದೇ ಎನ್ನಬಹುದು.

17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿಂದ ಈ ತಿಟ್ಟುಗಳು ಮೂಡಿದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿ ಇದನ್ನು ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ ಪ್ರವಾಸಿ ತಿಟ್ಟಿನ ಮೇಲೆ ಕಾಲಿಡುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ನಿಯಮದ ಮೇಲೆ. ಹುಟ್ಟು ಹಾಕುವ ದೋಣಿ ನಿಧಾನಕ್ಕೆ ಹತ್ತಿರ ಹೋಗುತ್ತದೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಬಳಸಿ ಬರುತ್ತದೆ. ದೋಣಿ ನಡೆಸುವವರಿಗೆ ಹಕ್ಕಿಗಳ ಹೆಸರು ಬಾಯಿಪಾಠ, ಯಾವ ದೂರಕ್ಕೆ ಯಾವ ಹಕ್ಕಿ ಬೆದರುತ್ತದೆ ಎಂಬುದೂ ಗೊತ್ತು. ಕೃಷ್ಣರಾಜಸಾಗರದಿಂದ ನೀರು ಹೆಚ್ಚು ಬಿಟ್ಟ ದಿನ ದೋಣಿಯೂ ಇಲ್ಲ, ತಗ್ಗಿನ ತಿಟ್ಟಿನ ಗೂಡುಗಳೂ ಉಳಿಯುವುದಿಲ್ಲ. ಆ ತೊಂದರೆಗೆ ಪ್ರವಾಸಿಗರು ಕಾರಣರಲ್ಲ. ಜನರಿಂದ ಆಗಬಹುದಾದ ತೊಂದರೆಯನ್ನು ನಡುವಿನ ನೀರು ತಡೆದಿದೆ. ಮೈಸೂರಿಗೆ ಇಷ್ಟು ಹತ್ತಿರ, ಇಷ್ಟು ಜನ ಬರುವ ಜಾಗದಲ್ಲಿ ಇದು ಸಣ್ಣ ಸಾಧನೆಯಲ್ಲ.

ಶಿವನಸಮುದ್ರದಲ್ಲಿ ಇಂಥ ಅಂತರ ಇಲ್ಲ. ನಮ್ಮ ಕಡೆಯವರು ಬ್ಲಫ್ ಎಂದು ಕರೆಯುವ ಈ ನಡುಗಡ್ಡೆಯ ಪಡುವಣ ಕವಲು ಗಗನಚುಕ್ಕಿಯಾಗಿ ಮಳವಳ್ಳಿ ತಾಲ್ಲೂಕಿನ ಕಡೆ ಧುಮುಕುತ್ತದೆ, ಮೂಡಣ ಕವಲು ಭರಚುಕ್ಕಿಯಾಗಿ ಕೊಳ್ಳೇಗಾಲದ ಕಡೆ. ಒಂದು ನಡುಗಡ್ಡೆ, ಎರಡು ಜಿಲ್ಲೆಗಳ ಆಡಳಿತ. ಇತ್ತ ನಿಯಮ ಬಿಗಿಯಾದರೆ ಜನ ಅತ್ತ ಹೋಗುತ್ತಾರೆ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಅಂದಿನಿಂದ ಹೊಳೆಯ ನೀರಿಗೆ ಮೊದಲ ಹಕ್ಕುದಾರ ವಿದ್ಯುದಾಗಾರ. ಅದು ಕುಡಿದು ಮಿಕ್ಕಿದ್ದು ಜಲಪಾತಕ್ಕೆ. ಹಾಗಾಗಿ ಮಳೆಗಾಲದಲ್ಲಿ ಅಣೆಕಟ್ಟೆಗಳು ತುಂಬಿ ಹರಿದಾಗ ಮಾತ್ರ ಗಗನಚುಕ್ಕಿ ಹೆಸರಿಗೆ ತಕ್ಕ ಹಾಗೆ ಕಾಣುತ್ತದೆ. ಜಲಪಾತೋತ್ಸವವೂ ಆಗಲೇ. ವರ್ಷದ ಜನವೆಲ್ಲ ಕೆಲವೇ ವಾರಗಳಲ್ಲಿ ಬರುತ್ತಾರೆ, ಬೆಳಕು, ಸಂಗೀತ, ನೂಕುನುಗ್ಗಲು ಎಲ್ಲ ಮುಗಿದ ಮೇಲೆ ಬಂಡೆ ಬಂಡೆಯಾಗಿಯೇ ಇರುತ್ತದೆ.

ನನಗನ್ನಿಸುವಂತೆ ಶಿವನಸಮುದ್ರದಲ್ಲಿ ನಾವು ಮಾಡಿರುವ ದೊಡ್ಡ ತಪ್ಪು ನೀರಿನ ಅಬ್ಬರವನ್ನೇ ಇಡೀ ಊರೆಂದು ತಿಳಿದದ್ದು. ಆದಿರಂಗ ಶ್ರೀರಂಗಪಟ್ಟಣ, ಅಂತ್ಯರಂಗ ಶ್ರೀರಂಗ, ಇವೆರಡರ ನಡುವಿನ ಮಧ್ಯರಂಗ ಇಲ್ಲಿದ್ದಾನೆ. ಪಕ್ಕದಲ್ಲಿ ಸೋಮೇಶ್ವರ. ಗಗನಚುಕ್ಕಿಯ ನೆತ್ತಿಗೆ ದರ್ಗಾ. ಕಲ್ಲುಕಂಬಗಳ ಮೇಲೆ ನಿಂತ ಹಳೆಯ ವೆಲ್ಲೆಸ್ಲಿ ಸೇತುವೆ ಸುಮಾರು ಇನ್ನೂರು ವರ್ಷಗಳ ಪ್ರವಾಹಕ್ಕೆ ಬೆನ್ನು ಕೊಟ್ಟು, 2018ರ ನೆರೆಯಲ್ಲಿ ಒಂದು ಭಾಗವನ್ನು ಕಳೆದುಕೊಂಡಿತು. ಬೇಸಿಗೆಯಲ್ಲಿ ನೀರಿಳಿದಾಗ ಬಂಡೆಗಳ ನಡುವಿನ ಮಡುಗಳು, ಹೊಳೆಮತ್ತಿ ಮರಗಳ ಬೇರು, ನೀರುಕಾಗೆಗಳು ಎಲ್ಲ ಕಾಣುತ್ತವೆ. ಇದನ್ನು ನಡೆದು ನೋಡುವ ಪ್ರವಾಸ ಯಾಕೆ ಇರಬಾರದು? ಮಳೆಗಾಲದ ಜನವನ್ನು ವರ್ಷಕ್ಕೆಲ್ಲ ಹಂಚಿದರೆ ನಡುಗಡ್ಡೆಯ ಮೇಲಿನ ಭಾರವೂ ಇಳಿಯುತ್ತದೆ, ಅಂಗಡಿ ಇಟ್ಟವರ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುತ್ತದೆ.

ಇಲ್ಲಿಂದ ಕೆಳಗೆ ಶಿಂಷೆ ಬಂದು ಸೇರುತ್ತಾಳೆ, ಹೊಳೆ ಕಾಡಿನೊಳಕ್ಕೆ ಹೋಗುತ್ತದೆ. ಅದು 1987ರಲ್ಲಿ ಘೋಷಿಸಿದ ಕಾವೇರಿ ವನ್ಯಜೀವಿಧಾಮ. ಅದರೊಳಗೆ ಮುತ್ತತ್ತಿ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ತಡಕಿ ಎತ್ತಿಕೊಟ್ಟನೆಂದೂ ಅದಕ್ಕೇ ಮುತ್ತೆತ್ತಿರಾಯನಾದನೆಂದೂ ಕಥೆ. ರಾಜಕುಮಾರ್ ಅವರಿಗೆ ಹುಟ್ಟಿದಾಗ ಮುತ್ತುರಾಜ ಎಂದು ಹೆಸರಿಟ್ಟದ್ದು ಈ ದೇವರ ಮೇಲಿನ ಭಕ್ತಿಯಿಂದ. ಹರಕೆ ಹೊತ್ತವರು, ಮನೆಮಂದಿಯೆಲ್ಲ ಬಂದು ಹೊಳೆದಂಡೆಯಲ್ಲಿ ಅಡುಗೆ ಮಾಡಿ ಉಂಡು ಹೋಗುವವರು ತಲೆಮಾರುಗಳಿಂದ ಇದ್ದಾರೆ. ಆದರೆ ರಜೆಯ ದಿನ ಬೆಂಗಳೂರಿನಿಂದ ಬರುವ ಗುಂಪುಗಳು ಸೇರಿದ ಮೇಲೆ ಹೊಳೆದಂಡೆ ಬಾಟಲಿ ಚೂರು, ಪ್ಲಾಸ್ಟಿಕ್ ತಟ್ಟೆಗಳ ತಿಪ್ಪೆಯಾಯಿತು. ಮೇಲೆ ತಣ್ಣಗೆ ಕಾಣುವ ನೀರಿನಡಿಯ ಸುಳಿಗೆ ಸಿಕ್ಕಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮುತ್ತತ್ತಿಯಲ್ಲಿ ಯಾವ ಪ್ರವಾಸವನ್ನೂ ಯಾರೂ ಯೋಜಿಸಲಿಲ್ಲ, ಪರೀಕ್ಷಿಸಲಿಲ್ಲ. ಆದದ್ದೆಲ್ಲ ತಾನಾಗಿ ಆಯಿತು. ಶುಚಿ ಮಾಡುವ ಹೆಸರಿನಲ್ಲಿ ನಾಳೆ ಹರಕೆಯ ಬಡವರನ್ನು ಹೊರಗಿಟ್ಟು ರೆಸಾರ್ಟಿನವರಿಗೆ ದಂಡೆ ಬಿಟ್ಟುಕೊಟ್ಟರೆ ಅದು ಇನ್ನೂ ದೊಡ್ಡ ಅನ್ಯಾಯ. ಮೊದಲಿಂದ ಬರುತ್ತಿದ್ದವರು ಅವರು.

ಅಲ್ಲಿಂದ ಸ್ವಲ್ಪ ದೂರದ ಭೀಮೇಶ್ವರಿಯ ಕಥೆ ಬೇರೆ. ಈ ಲೇಖನದ ಜೀವ ಇರುವುದು ಅದರಲ್ಲಿ.

ಕಾವೇರಿಯ ಬಿಳಿಮೀನು, ಅಂದರೆ ಮಹಸೀರ್, ಪ್ರಪಂಚದ ಗಾಳಗಾರರಿಗೆಲ್ಲ ಗೊತ್ತಿದ್ದ ಹೆಸರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದಿದ್ದರು. ಸ್ವಾತಂತ್ರ್ಯದ ನಂತರ ಆ ಮೀನು ಇದೆಯೋ ಇಲ್ಲವೋ ಎಂದು ಹೊರಗಿನವರು ಮರೆತೇಬಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಗಾಳಗಾರರು ಬಂದು ಕಾವೇರಿಯಲ್ಲಿ ಅದನ್ನು ಮತ್ತೆ ಕಂಡರು. ಆಗ ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಜೋರಾಗಿತ್ತು. ಒಂದು ಸಿಡಿತಕ್ಕೆ ಮಡುವಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿತ್ತು. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಭಾಗವನ್ನು ಕಾಯುವ ಹೊಣೆ ಹೊತ್ತಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ತೆರೆಯಿತು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ ಜೀವಂತ ಹೊಳೆಗೆ ಬಿಡಬೇಕು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ನಮ್ಮದೇ ರಾಗಿಮುದ್ದೆ. ಹಿಂದೆ ಸಿಡಿಮದ್ದು ಹಾಕುತ್ತಿದ್ದವರಲ್ಲೇ ಕೆಲವರು ಈಗ ಅತಿಥಿಗಳಿಗೆ ಹರಿಗೋಲು ಹಾಕುವವರೂ ಹೊಳೆಯ ಕಾವಲುಗಾರರೂ ಆದರು. ಯಾವ ಮಡುವಿನಲ್ಲಿ ಮೀನಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ದೊಡ್ಡ ಮೀನು ಜೀವಂತ ಇದ್ದರೆ ತಮಗೆ ಸಂಬಳ ಎಂಬುದು ಅವರಿಗೆ ತಿಳಿಯಿತು.

ಶಿಬಿರದಲ್ಲಿ ಒಂದು ಪುಸ್ತಕ ಇರುತ್ತಿತ್ತು. ಯಾವ ದಿನ, ಎಷ್ಟು ಹೊತ್ತು, ಎಷ್ಟು ತೂಕದ ಮೀನು ಎಂದು ಅದರಲ್ಲಿ ಬರೆಯುತ್ತಿದ್ದರು. 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಯನ್ನು ಬ್ರಿಟನ್ನಿನ ಮತ್ತು ಭಾರತದ ವಿಜ್ಞಾನಿಗಳು ಆಮೇಲೆ ಕೂತು ಓದಿದರು. ಸುಮಾರು 23,000 ಗಂಟೆಗಳ ಗಾಳ, 6,000ಕ್ಕೂ ಹೆಚ್ಚು ಮೀನು. ಒಟ್ಟು ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಅಷ್ಟನ್ನೇ ನೋಡಿದ್ದರೆ ಸಂತೋಷಪಟ್ಟು ಪುಸ್ತಕ ಮುಚ್ಚಬಹುದಿತ್ತು. ಬಿಡಿಸಿ ನೋಡಿದಾಗ ಬೇರೆಯದೇ ಕಂಡಿತು. ಏರಿದ್ದು ನೀಲಿ ರೆಕ್ಕೆಯ ಮಹಸೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಸಾಕಿದ ಮರಿಗಳನ್ನು ಮೀನು ಹೆಚ್ಚಲೆಂದು ಒಳ್ಳೆಯ ಮನಸ್ಸಿನಿಂದಲೇ ಹೊಳೆಗೆ ಬಿಟ್ಟಿದ್ದರು. ಕಾವೇರಿಯದೇ ಆದ, ಬೆನ್ನಿನ ಮೇಲೆ ಡುಬ್ಬವಿರುವ ಮಹಸೀರ್ ಅದೇ ವರ್ಷಗಳಲ್ಲಿ ಇಳಿಯುತ್ತ ಇಳಿಯುತ್ತ ಕಾಣೆಯಾಗುವ ಹಂತಕ್ಕೆ ಬಂದಿತ್ತು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಅದು ಸೇರಿತು. ಶಾಸ್ತ್ರದಲ್ಲಿ ಹೆಸರು ಗಟ್ಟಿಯಾಗುವ ಹೊತ್ತಿಗೆ ಮೀನು ಹೋಗುವುದರಲ್ಲಿತ್ತು.

ಈ ಪುಸ್ತಕ ಇಲ್ಲದಿದ್ದರೆ ಅದು ಯಾವಾಗ ಹೋಯಿತೆಂದೂ ನಮಗೆ ತಿಳಿಯುತ್ತಿರಲಿಲ್ಲ. ಪ್ರವಾಸವನ್ನು ಪರೀಕ್ಷಿಸುವುದೆಂದರೆ ಏನೆಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಎಲ್ಲೂ ಇಲ್ಲ. ಅತಿಥಿಗೆ ಖುಷಿಯಾಯಿತೇ ಎಂದು ಕೇಳಿ ಬರೆದುಕೊಂಡದ್ದಲ್ಲ ಅದು, ಹೊಳೆಯನ್ನೇ ಕೇಳಿ ಬರೆದುಕೊಂಡದ್ದು. ವನ್ಯಜೀವಿಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದು ಕಾನೂನು ಬಿಗಿಯಾಗಿ, 2012ರ ಹೊತ್ತಿಗೆ ಮೀನು ಹಿಡಿಯುವುದು ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಗಾಳದ ಜೊತೆಗೆ ಲೆಕ್ಕವೂ ನಿಂತಿತು, ದಂಡೆಯ ಮೇಲಿನ ಕಣ್ಣುಗಳೂ ಕಡಿಮೆಯಾದವು. ಈಗ ಭೀಮೇಶ್ವರಿಗೆ ಬರುವವರು ಹರಿಗೋಲು, ಹಗ್ಗದ ಮೇಲಿನ ಜಾರಾಟ, ಕಾಡಿನ ನಡಿಗೆ ಇವುಗಳಿಗಾಗಿ ಬರುತ್ತಾರೆ. ನಡಿಗೆಯಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ಕಂಡರೆ ಪುಣ್ಯ. ಅದನ್ನು ಎಲ್ಲಿ, ಯಾವಾಗ ಕಂಡೆವೆಂದು ಅತಿಥಿಯ ಕೈಯಲ್ಲೇ ಬರೆಸುವುದು ಎಷ್ಟು ಹೊತ್ತಿನ ಕೆಲಸ?

ಮತ್ತೆ ಕೊಕ್ಕರೆ ಬೆಳ್ಳೂರಿಗೆ. ಶಿಂಷಾ ದಂಡೆಯಲ್ಲಿದ್ದ ಹಳೆಯ ಊರನ್ನು ಪ್ಲೇಗಿನ ಕಾಲದಲ್ಲಿ ಬಿಟ್ಟುಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಕಂಡು ಹೊರಜಗತ್ತಿಗೆ ತಿಳಿಸಿದರು. 1994ರಿಂದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡ ಊರವರನ್ನು ಕಟ್ಟಿಕೊಂಡು ಕೆಲಸ ಮಾಡಿತು. ಊರ ಹುಡುಗರ ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗೆ ಮೀನು ಹಾಕಿ ಸಾಕಿ, ಬಲಿತ ಮೇಲೆ ಹಾರಲು ಬಿಡುತ್ತಾರೆ. ಗೂಡಿರುವ ಮರಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಮರದಡಿಯ ಹಿಕ್ಕೆ ಮಣ್ಣಿನೊಂದಿಗೆ ಬೆರೆತು ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಇಷ್ಟು ಪ್ರೀತಿ ಇದ್ದೂ 2017ರ ಡಿಸೆಂಬರಿನಿಂದ ಕೆಲವು ತಿಂಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಜಂತುಹುಳು. ತಿಂದ ಮೀನಿನ ಮೂಲಕ ಬರುವ ಹುಳು ಅದು. ಹಕ್ಕಿ ಮಲಗುವುದು ಬೆಳ್ಳೂರಿನಲ್ಲಿ, ಉಣ್ಣುವುದು ಸುತ್ತಲಿನ ಕೆರೆಗಳಲ್ಲಿ, ತೈಲೂರಿನಲ್ಲಿ, ಮದ್ದೂರಿನಲ್ಲಿ, ಇನ್ನೂ ಆಚೆ. ಕೆರೆಯ ನೀರು ಕೆಟ್ಟರೆ ಮರದ ಮೇಲಿನ ಗೂಡು ಖಾಲಿ. ಪ್ರವಾಸಿ ನೋಡುವುದು ಮರ ಮಾತ್ರ, ಕೆರೆಯ ದಾರಿ ಅವನಿಗೆ ಯಾರೂ ತೋರಿಸುವುದಿಲ್ಲ. ನಮ್ಮ ಈಗಿನ ಹಕ್ಕಿಪ್ರವಾಸದಲ್ಲಿ ಕಾಣುವ ದೊಡ್ಡ ಕೊರತೆ ಇದು.

ಇನ್ನೊಂದು ಕೊರತೆ ರಸ್ತೆಯಿಂದ ಆದದ್ದು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯಗಳು ಬೈಪಾಸಿನ ಪಕ್ಕಕ್ಕೆ ಸರಿದವು. ಗಿರಾಕಿ ಕಳೆದುಕೊಂಡ ಮದ್ದೂರು ವಡೆ ಅಂಗಡಿಯವರ ಪಾಡು ಎಲ್ಲರಿಗೂ ಗೊತ್ತು. ನೂರು ಕಿಲೋಮೀಟರು ಒಂದೇ ಉಸಿರಿಗೆ ಓಡುವ ಗಾಡಿ ನಡುವೆ ಇಳಿಯಬೇಕಾದರೆ ಇಳಿಯಲು ಗಟ್ಟಿ ಕಾರಣ ಬೇಕು. ಈ ಸೀಮೆಗೆ ಪರಿಸರ ಪ್ರವಾಸ ಇವತ್ತು ಹಿಂದಿಗಿಂತ ಹೆಚ್ಚು ಅಗತ್ಯವಾಗಿರುವುದು ಅದಕ್ಕೇ.

ಹೇಗಿರಬೇಕು ಅದು? ಪರೀಕ್ಷೆಗೆಂದು ಎರಡು ದಿನದ ಒಂದು ಪ್ರವಾಸ ನನ್ನ ಮನಸ್ಸಿನಲ್ಲಿದೆ. ಎಂಟು ಜನ, ಅದಕ್ಕಿಂತ ಹೆಚ್ಚು ಬೇಡ. ಮದ್ದೂರಿಗೆ ರೈಲಿನಲ್ಲಿ ಬರುವುದು, ಅಲ್ಲಿಂದ ಊರ ಗಾಡಿ. ಬೆಳಗ್ಗೆ ಬೆಳ್ಳೂರು, ಮಧ್ಯಾಹ್ನದ ಊಟ ಹುಣಸೆಮರ ಇರುವ ಮನೆಯಲ್ಲೇ: ಮುದ್ದೆ, ಉಪ್ಸಾರು, ಮಜ್ಜಿಗೆ. ಸಂಜೆ ತೈಲೂರು ಕೆರೆಯ ಏರಿಯ ಮೇಲೆ, ಹಕ್ಕಿ ಉಣ್ಣುವ ಹೊತ್ತಿಗೆ. ರಾತ್ರಿ ಮಳವಳ್ಳಿ. ಮರುದಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಗದ್ದೆ. ನೂರಾರು ದೇಸಿ ಭತ್ತದ ತಳಿಗಳನ್ನು ಅವರು ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ, ಟಿಪ್ಪುವಿನ ಕಾಲದ ಮಾವಿನ ತೋಪೂ ಅಲ್ಲಿದೆ. ಕಬ್ಬು ಅರೆಯುವ ಕಾಲವಾದರೆ ದಾರಿಯ ಆಲೆಮನೆಯಲ್ಲಿ ಬಿಸಿ ಬೆಲ್ಲ. ಮಾಂಸ ತಿನ್ನುವವರಿಗೆ ಬಂಡೂರು ಕುರಿ ಇದೆ, ಆ ತಳಿಗೆ ಹೆಸರು ಕೊಟ್ಟ ಊರು ಇದೇ ಮಳವಳ್ಳಿ ತಾಲ್ಲೂಕಿನದು. ಕೊನೆಗೆ ಶಿವನಸಮುದ್ರದಲ್ಲಿ ಹಳೆಯ ಸೇತುವೆಯ ದಾರಿಯಲ್ಲಿ ಕಾಲ್ನಡಿಗೆ. ಮೆಡಿಟರೇನಿಯನ್ನಿನವರು ಅಳೆದು ಕಂಡ ಊಟದ ಭಾರ ಇಲ್ಲಿ ತಾನಾಗಿ ಇಳಿಯುತ್ತದೆ, ತಟ್ಟೆಯಲ್ಲಿರುವುದೆಲ್ಲ ಕೆಲವೇ ಮೈಲಿ ಸುತ್ತಿನದು.

ಒಂದು ಸಲ ಮಾಡಿದರೆ ಪರೀಕ್ಷೆಯಾಗುವುದಿಲ್ಲ. ಜನವರಿಯಲ್ಲಿ ಗೂಡು ಕಟ್ಟುವಾಗ ಒಮ್ಮೆ, ಏಪ್ರಿಲಿನಲ್ಲಿ ಮರಿ ಬೀಳುವಾಗ ಒಮ್ಮೆ, ಆಗಸ್ಟಿನಲ್ಲಿ ಹಕ್ಕಿಯೇ ಇಲ್ಲದಾಗ ಒಮ್ಮೆ ಮಾಡಿ ನೋಡಬೇಕು. ಮೂರನೆಯದು ಕಷ್ಟದ್ದು. ಹಕ್ಕಿ ಇಲ್ಲದ ಬೆಳ್ಳೂರಿನಲ್ಲಿ ಅತಿಥಿಗೆ ತೋರಿಸಲು, ಹೇಳಲು ಊರಿಗೆ ಏನಾದರೂ ಇದೆಯೇ ಎಂಬುದು ಆಗ ತಿಳಿಯುತ್ತದೆ. ಮೂರು ಸಲವೂ ಒಂದೇ ಪುಸ್ತಕದಲ್ಲಿ ಬರೆಯಬೇಕು: ಜನ ಬಂದ ಹೊತ್ತಿಗೆ ಎಷ್ಟು ಹಕ್ಕಿ ಗೂಡು ಬಿಟ್ಟು ಎದ್ದವು, ಎಷ್ಟು ಹೊತ್ತಿಗೆ ಮರಳಿದವು, ಕೊಟ್ಟ ಹಣದಲ್ಲಿ ಎಷ್ಟು ಊರಿನೊಳಗೆ ಉಳಿಯಿತು, ಎಷ್ಟು ಬೆಂಗಳೂರಿಗೇ ವಾಪಸು ಹೋಯಿತು, ಅಡುಗೆ ಮಾಡಿದ ಮನೆಯಾಕೆ ಆ ದಿನ ಕೂಲಿ ಬಿಟ್ಟಿದ್ದರೆ ಅದಕ್ಕೆ ಸರಿಯಾದ ಹಣ ಸಿಕ್ಕಿತೇ, ಎಷ್ಟು ಕೊಡ ನೀರು ಖರ್ಚಾಯಿತು, ಬಿದ್ದ ಮರಿಗಳಿಗೆ ಆ ದಿನ ಹಾಕಿದ ಮೀನಿನ ಬೆಲೆಯನ್ನು ಯಾರು ಕೊಟ್ಟರು.

ಪುಸ್ತಕ ಇರಬೇಕಾದ್ದು ಪ್ರವಾಸ ಕಂಪನಿಯ ಕೈಯಲ್ಲಲ್ಲ, ಊರಿನ ಕೈಯಲ್ಲಿ. ಬಳಗದ ಹುಡುಗರು ಗೂಡು ಎಣಿಸುವುದನ್ನು ಆಗಲೇ ಕಲಿತಿದ್ದಾರೆ, ಜನರನ್ನು ಎಣಿಸುವುದು ಅದಕ್ಕಿಂತ ಸುಲಭ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ವರ್ಷ ಚಳಿಗಾಲದ ಹೊತ್ತಿಗೆ ಮೊದಲ ಹೆಜ್ಜಾರ್ಲೆಗಳು ಬಂದು ಮರ ನೋಡಿಕೊಂಡು ಹೋಗುತ್ತವೆ. ಮೊದಲ ಪುಟವನ್ನು ಆ ವಾರವೇ, ಹುಣಸೆಮರದ ಯಜಮಾನನ ಜಗಲಿಯ ಮೇಲೆ ಕೂತು ಬರೆಯಲು ತೊಡಗಬಹುದು.